ಸಕ್ಕಾರಾದ ಮುಖ, ಇಕ್ಕೇರಿಯ ಹೆಸರು

1615ರ ಡಿಸೆಂಬರ್. ಈಜಿಪ್ಟಿನ ಕೈರೋ ಹತ್ತಿರದ ಸಕ್ಕಾರಾ ಎಂಬ ಮರಳುಗಾಡಿನ ಸ್ಮಶಾನದಲ್ಲಿ ರೋಮ್ ನಗರದ ಒಬ್ಬ ಸಿರಿವಂತ ಪ್ರವಾಸಿ ನಿಂತಿದ್ದ. ವಯಸ್ಸು 29. ಅಲ್ಲಿಯ ಹಳ್ಳಿಯವರು ಗುಂಡಿಯಿಂದ ಮೇಲೆತ್ತಿ ತೋರಿಸಿದ ಎರಡು ಮಮ್ಮಿಗಳನ್ನು ದುಡ್ಡು ಕೊಟ್ಟು ಕೊಂಡ. ಒಂದು ಗಂಡಸಿನದು, ಇನ್ನೊಂದು ಹೆಂಗಸಿನದು. ಎರಡರ ಮೇಲೂ ನಮ್ಮ ನಿಮ್ಮಂಥವರ ಮುಖಗಳನ್ನು ಬಣ್ಣದಲ್ಲಿ ಬರೆದಿತ್ತು. ಈ ಬಗೆಯ ಮಮ್ಮಿಗಳನ್ನು ಯುರೋಪು ಮೊದಲು ನೋಡಿದ್ದು ಅವನ ಮೂಲಕ.

ಎಂಟು ವರ್ಷ ಕಳೆದು, 1623ರ ನವೆಂಬರ್‌ನಲ್ಲಿ, ಅದೇ ಮನುಷ್ಯ ನಮ್ಮ ಸಾಗರ ತಾಲ್ಲೂಕಿನ ಇಕ್ಕೇರಿಯ ಬೀದಿಯಲ್ಲಿ ಓಡಾಡುತ್ತಿದ್ದ. ಗೋವಾದಿಂದ ಕೆಳದಿ ನಾಯಕ ವೆಂಕಟಪ್ಪನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಬಂದಿದ್ದ. ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ಕೆಳದಿಯ ಇತಿಹಾಸ ಓದಿದವರಿಗೆ ಈ ಹೆಸರು ಹೊಸದಲ್ಲ. ಮಮ್ಮಿಗಳ ಬಗ್ಗೆ ಓದಿದವರಿಗೂ ಹೊಸದಲ್ಲ. ಆದರೆ ಇಬ್ಬರೂ ಒಬ್ಬನೇ ಅನ್ನೋದು ಹೊಳೆದಾಗ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಅವನು ಸಕ್ಕಾರಾದಲ್ಲಿ ಕಂಡದ್ದಕ್ಕೂ ಇಕ್ಕೇರಿಯಲ್ಲಿ ಕಂಡದ್ದಕ್ಕೂ ನಮ್ಮ ಹಾರನಹಳ್ಳಿ ಕಡೆಯ ಹೊಲದ ಬದುವಿನಲ್ಲಿ ನಿಂತ ಕಲ್ಲುಗಳಿಗೂ ಒಂದು ನಂಟಿದೆ. ಸತ್ತವರ ಮುಖವನ್ನು ನಾವು ಹೇಗೋ ಉಳಿಸಿಕೊಳ್ಳುತ್ತೇವೆ. ಹೆಸರನ್ನು?

ಇದು ಚಿನ್ನದ ಮುಖವಾಡದ ಕಥೆಯಲ್ಲ

ಮಮ್ಮಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಟುಟಾಂಖಾಮುನ್ ಎಂಬ ಹುಡುಗ ಅರಸನ ಚಿನ್ನದ ಮುಖವಾಡ. ಅದು ಕ್ರಿಸ್ತನಿಗಿಂತ 1300ಕ್ಕೂ ಹೆಚ್ಚು ವರ್ಷ ಹಿಂದಿನದು. ನಾನು ಹೇಳುತ್ತಿರುವುದು ಅದಾದ ಮೇಲೆ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಕಾಲದ ಮಾತು.

ಕ್ರಿ.ಪೂ. 30ರಲ್ಲಿ ರಾಣಿ ಕ್ಲಿಯೋಪಾತ್ರ ಸತ್ತಳು, ಈಜಿಪ್ಟು ರೋಮನ್ನರ ಕೈಸೇರಿತು. ಆಳುವವರು ಬದಲಾದರೂ ಸತ್ತವರನ್ನು ಮಮ್ಮಿ ಮಾಡುವ ರೂಢಿ ಮುಂದಿನ ಮೂರು ನಾಲ್ಕು ಶತಮಾನ ನಡೆಯಿತು. ಅದೇ ಹೊತ್ತಿಗೆ ರೋಮನ್ನರ ದುಡ್ಡು ನಮ್ಮ ನೆಲಕ್ಕೂ ಬರುತ್ತಿತ್ತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ.

ಮಮ್ಮಿ ಮಾಡುವ ಕೆಲಸದ ತಿರುಳು ಒಣಗಿಸುವುದು. ಪಿರಿಯಾಪಟ್ಟಣ, ಹುಣಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪನ್ನು ಬ್ಯಾರನ್‌ನಲ್ಲಿ ಬೇಯಿಸುವಾಗ ಎಲೆಯ ನೀರು ಹದವಾಗಿ ಹೋಗದಿದ್ದರೆ ಸೊಪ್ಪು ಕೊಳೆಯುತ್ತದೆ, ಹದವಾಗಿ ಹೋದರೆ ವರ್ಷಗಟ್ಟಲೆ ಇರುತ್ತದೆ. ಈಜಿಪ್ಟಿನವರು ಅದನ್ನೇ ಬೆಂಕಿಯಿಲ್ಲದೆ ಮಾಡಿದರು. ಬೇಗ ಕೊಳೆಯುವ ಒಳಗಿನ ಅಂಗಗಳನ್ನು ತೆಗೆದು, ನೇಟ್ರಾನ್ ಎಂಬ ಉಪ್ಪಿನಲ್ಲಿ ದೇಹವನ್ನು ಹುಗಿದಿಟ್ಟರು. ಉಪ್ಪು ಮೈಯ ನೀರನ್ನೆಲ್ಲ ಹೀರಿಕೊಂಡ ಮೇಲೆ ಮರದ ಅಂಟು, ಎಣ್ಣೆ ಬಳಿದು ನಾರುಬಟ್ಟೆ ಸುತ್ತಿದರು. ಗ್ರೀಕ್ ಲೇಖಕ ಹೆರೊಡೊಟಸ್ ಇದಕ್ಕೆ 70 ದಿನದ ಲೆಕ್ಕ ಬರೆದಿದ್ದಾನೆ.

ರೋಮನ್ ಕಾಲಕ್ಕೆ ಬರುವ ಹೊತ್ತಿಗೆ ಗಮನ ಒಳಗಿನ ದೇಹದಿಂದ ಹೊರಗಿನ ನೋಟಕ್ಕೆ ತಿರುಗಿತ್ತು. ಬಟ್ಟೆಯ ಪಟ್ಟಿಗಳನ್ನು ವಜ್ರದಾಕಾರದ ಚೌಕಳಿ ಬರುವಂತೆ ಪದರ ಪದರವಾಗಿ ಸುತ್ತುತ್ತಿದ್ದರು. ನಡುವೆ ಚಿನ್ನದ ಲೇಪದ ಗುಬುಟುಗಳು. ಒಳಗಿನ ದೇಹಕ್ಕೆ ಮಾತ್ರ ಎಷ್ಟೋ ಸಲ ಮೊದಲಿನ ಕಾಲದಷ್ಟು ಆರೈಕೆ ಆಗುತ್ತಿರಲಿಲ್ಲ. ಮುಖಕ್ಕಂತೂ ವಿಶೇಷ ಉಪಚಾರ. ಅದರಲ್ಲಿ ಎರಡು ದಾರಿಗಳಿದ್ದವು.

ಒಂದು, ಮುಖವಾಡ. ನಾರುಬಟ್ಟೆಯ ಪದರಗಳನ್ನು ಅಂಟಿಸಿ ಗಾರೆ ಬಳಿದು ರಟ್ಟಿನಂತೆ ಮಾಡಿ, ಮೇಲೆ ಬಣ್ಣ ಹಚ್ಚುತ್ತಿದ್ದರು. ಹೆಚ್ಚು ಅನುಕೂಲಸ್ಥರಾದರೆ ಚಿನ್ನದ ಲೇಪ. ಮಧ್ಯ ಈಜಿಪ್ಟಿನ ಕಡೆ ಪ್ಲಾಸ್ಟರಿನ ಮುಖವಾಡಗಳು ನಡೆದವು. ಅಚ್ಚಿನಲ್ಲಿ ಒತ್ತಿ ತೆಗೆದ ಮುಖಕ್ಕೆ ಆಮೇಲೆ ಕೈಯಲ್ಲಿ ಕಿವಿ, ಕೂದಲು, ಗಡ್ಡ ಕೂರಿಸಿ, ಕಣ್ಣಿಗೆ ಗಾಜು ಇಡುತ್ತಿದ್ದರು. ಹೆಂಗಸರ ಕೂದಲ ಶೈಲಿ ನೋಡಿ: ದೂರದ ರೋಮ್‌ನಲ್ಲಿ ರಾಣಿಯರು ಹೇಗೆ ಕಟ್ಟುತ್ತಿದ್ದರೋ ಹಾಗೇ. ಹೀಗಾಗಿ ಇವತ್ತು ತಜ್ಞರು ಜಡೆ ನೋಡಿ ಮುಖವಾಡದ ಕಾಲ ಹೇಳುತ್ತಾರೆ! ಕೆಲವು ಮುಖವಾಡಗಳ ತಲೆ ದಿಂಬಿನಿಂದ ಸ್ವಲ್ಪ ಮೇಲೆದ್ದಂತಿದೆ, ಸತ್ತವರು ನಿದ್ದೆಯಿಂದ ಏಳುತ್ತಿದ್ದಾರೆ ಅನ್ನೋ ಹಾಗೆ.

ಎರಡನೆಯದು, ಚಿತ್ರ. ತೆಳು ಹಲಗೆಯ ಮೇಲೆ ಜೇನುಮೇಣದಲ್ಲಿ ಬಣ್ಣ ಕಲಸಿ ಮುಖ ಬರೆದು, ಅದನ್ನು ಮಮ್ಮಿಯ ಮುಖದ ಜಾಗದಲ್ಲಿಟ್ಟು ಸುತ್ತಲೂ ಬಟ್ಟೆ ಬಿಗಿಯುತ್ತಿದ್ದರು. ನೋಡಿದರೆ ಕಿಟಕಿಯಿಂದ ಯಾರೋ ಇಣುಕಿದಂತೆ. ಫಯ್ಯೂಮ್ ಎಂಬ ಪ್ರದೇಶದಲ್ಲಿ ಹೆಚ್ಚಾಗಿ ಸಿಕ್ಕಿದ್ದರಿಂದ ಇವಕ್ಕೆ ಫಯ್ಯೂಮ್ ಚಿತ್ರಗಳು ಅಂತಲೇ ಹೆಸರು. ಜಗತ್ತಿನ ಮ್ಯೂಸಿಯಂಗಳಲ್ಲಿ ಹೆಚ್ಚುಕಡಿಮೆ ಸಾವಿರದಷ್ಟಿವೆ. ದೊಡ್ಡ ಕಣ್ಣು, ನೇರ ನೋಟ, ಕಿವಿಯಲ್ಲಿ ಮುತ್ತು. ಒಮ್ಮೆ ಫೋನಿನಲ್ಲಿ ಹುಡುಕಿ ನೋಡಿ. ಇವರು ಎರಡು ಸಾವಿರ ವರ್ಷದ ಹಿಂದಿನವರು ಅಂತ ಅನ್ನಿಸುವುದೇ ಇಲ್ಲ. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿನ್ನೆ ಕಂಡ ಮುಖಗಳೇ.

ಮುಖ ಒಂದು ಕಡೆ, ದೇಹ ಒಂದು ಕಡೆ

ಇಷ್ಟು ಆಸ್ಥೆಯಿಂದ ಮಾಡಿಸಿದ ಮುಖಗಳಿಗೆ ಆಮೇಲೆ ಆದದ್ದೇನು?

ಯುರೋಪಿನಲ್ಲಿ ಒಂದು ಕಾಲಕ್ಕೆ ಮಮ್ಮಿಯನ್ನು ಪುಡಿ ಮಾಡಿ ಔಷಧಿ ಅಂತ ಮಾರುತ್ತಿದ್ದರು. ಮುಂದೆ ಕಲಾಸಂಗ್ರಹದ ಗೀಳು ಹತ್ತಿತು. 1880ರ ದಶಕದ ಕೊನೆಗೆ ವಿಯೆನ್ನಾದ ವ್ಯಾಪಾರಿ ಥಿಯೋಡೋರ್ ಗ್ರಾಫ್ ಇಂಥ ಚಿತ್ರಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂಡು, ಪ್ರದರ್ಶನ ಮಾಡಿ, ಒಂದೊಂದಾಗಿ ಮಾರಿದ. ಹೆಚ್ಚಿನವು ಮಮ್ಮಿಯಿಂದ ಕಿತ್ತ ಹಲಗೆಗಳು. ದೇಹ ಎಲ್ಲಿ ಹೋಯಿತು? ಬಟ್ಟೆಯ ಮೇಲೆ ಹೆಸರೇನಾದರೂ ಬರೆದಿತ್ತಾ? ಕೇಳುವವರಿರಲಿಲ್ಲ. ಚಂದದ ಮುಖಕ್ಕೆ ಬೆಲೆ ಇತ್ತು, ಹೆಸರಿಗೆ ಇರಲಿಲ್ಲ. ಹೀಗಾಗಿ ಮ್ಯೂಸಿಯಂಗಳಲ್ಲಿ ಇವತ್ತು ಆ ಮುಖಗಳ ಕೆಳಗಿನ ಚೀಟಿಯಲ್ಲಿ ಹೆಚ್ಚಾಗಿ ಇರೋದು "ಒಬ್ಬ ಯುವತಿ", "ಗಡ್ಡದ ಗಂಡಸು" ಅಂತ.

ಹೆಸರು ಉಳಿದ ಕೆಲವರಿದ್ದಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಆರ್ಟೆಮಿಡೋರಸ್ ಎಂಬ ತರುಣನ ಮಮ್ಮಿ ಇದೆ. 1888ರಲ್ಲಿ ಹವಾರಾ ಎಂಬಲ್ಲಿ ಫ್ಲಿಂಡರ್ಸ್ ಪೀಟ್ರಿ ನಡೆಸಿದ ಉತ್ಖನನದಲ್ಲಿ ಸಿಕ್ಕಿದ್ದು. ಎದೆಯ ಮೇಲೆ ಅವನ ಹೆಸರು, ಜೊತೆಗೆ ಒಂದು ಗ್ರೀಕ್ ಮಾತು. ನಮ್ಮ ಮಾತಲ್ಲಿ ಹೇಳುವುದಾದರೆ "ಧೈರ್ಯವಾಗಿ ಹೋಗು" ಅಂತ. ಬರೆದವನು ಅಕ್ಷರ ತಪ್ಪು ಮಾಡಿದ್ದಾನೆ. ಆದರೇನು, ಆ ತಪ್ಪು ಅಕ್ಷರಗಳಿಂದಲೇ ಆ ಹುಡುಗನನ್ನು ನಾವು ಇವತ್ತೂ ಹೆಸರು ಹಿಡಿದು ಕರೆಯುತ್ತೇವೆ.

ಇನ್ನೊಬ್ಬಳು ಹರ್ಮಿಯೋನಿ. 1911ರಲ್ಲಿ ಅದೇ ಹವಾರಾದಲ್ಲಿ ಪೀಟ್ರಿಗೆ ಸಿಕ್ಕಳು. ಚಿತ್ರದ ಮೇಲೆಯೇ ಹೆಸರಿದೆ, ಪಕ್ಕದಲ್ಲಿ "ಗ್ರಮ್ಮಾಟಿಕೆ" ಎಂಬ ಪದವಿದೆ. ಓದುಬರಹ ಬಲ್ಲವಳು, ಅಕ್ಷರ ಕಲಿಸುವವಳು ಅನ್ನುವ ಅರ್ಥ. ಓದಿದ ಹೆಣ್ಣಲ್ಲವೇ ಅಂತ ಅವಳನ್ನು ಕೇಂಬ್ರಿಜ್‌ನ ಹೆಣ್ಣುಮಕ್ಕಳ ಕಾಲೇಜು ಗರ್ಟನ್‌ಗೆ ಕಳಿಸಿದರು. ಒಂದೇ ಒಂದು ಪದ ಜೊತೆಗಿದ್ದುದರಿಂದ ಅವಳು "ಒಬ್ಬ ಯುವತಿ" ಆಗಿ ಉಳಿಯಲಿಲ್ಲ.

ದೆಲ್ಲಾ ವಾಲ್ಲೆ ಕೊಂಡ ಎರಡು ಮಮ್ಮಿಗಳಿಗೆ ಆ ಅದೃಷ್ಟ ಇರಲಿಲ್ಲ. ರೋಮ್‌ನಲ್ಲಿದ್ದ ಅವನ್ನು 1728ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಅರಸ ಕೊಂಡ. ಈಗ ಡ್ರೆಸ್ಡೆನ್ ನಗರದಲ್ಲಿವೆ. ಗಂಡಸಿನ ಮೇಲೆ ಆರ್ಟೆಮಿಡೋರಸ್‌ಗೆ ಬರೆದ ಅದೇ ಬೀಳ್ಕೊಡುಗೆಯ ಮಾತಿದೆ. ಆದರೆ ಯಾರಿಗೆ ಹೇಳಿದ್ದು, ಆ ಹೆಸರಿಲ್ಲ.

ಪೆಟ್ಟಿಗೆಯಲ್ಲಿದ್ದ ಮಾನಿ

ಸಕ್ಕಾರಾದಿಂದ ದೆಲ್ಲಾ ವಾಲ್ಲೆ ಬಾಗ್ದಾದಿಗೆ ಹೋದ. 1616ರಲ್ಲಿ ಅಲ್ಲಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಇಬ್ಬರೂ ಪರ್ಷಿಯಾ ಸುತ್ತಿದರು. ಭಾರತದ ಕಡೆ ಹಡಗು ಹತ್ತಬೇಕು ಅಂತ ಕಡಲ ತೀರಕ್ಕೆ ಬಂದಾಗ ಮಾನಿಗೆ ಜ್ವರ ಬಂತು. ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ. 1621ರ ಡಿಸೆಂಬರ್ ಕೊನೆಯಲ್ಲಿ ತೀರಿಕೊಂಡಳು. ಇನ್ನೂ ಇಪ್ಪತ್ತರ ಹರೆಯ.

ಅವಳನ್ನು ಅಲ್ಲೇ ಮಣ್ಣು ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ಮಮ್ಮಿಗಳನ್ನು ಕಣ್ಣಾರೆ ಕಂಡಿದ್ದವನಲ್ಲವೇ? ದೇಹಕ್ಕೆ ಕರ್ಪೂರ ತುಂಬಿಸಿ, ಪೆಟ್ಟಿಗೆಯಲ್ಲಿಟ್ಟು ತನ್ನ ಸಾಮಾನಿನ ಜೊತೆ ಗುಟ್ಟಾಗಿ ಸಾಗಿಸಿದ. ಹಡಗಿನವರಿಗೆ ಹೆಣ ಇದೆ ಅಂತ ಗೊತ್ತಾದರೆ ಹತ್ತಿಸುತ್ತಿರಲಿಲ್ಲ. 1623ರಲ್ಲಿ ಅವನು ಸೂರತ್‌ಗೆ, ಅಲ್ಲಿಂದ ಗೋವಾಕ್ಕೆ ಬಂದ. ಮಾನಿಯ ಪೆಟ್ಟಿಗೆಯೂ ಅವನ ಸಂಗಡ ಕಡಲು ದಾಟಿ ಭಾರತಕ್ಕೆ ಬಂತು. ಕೊನೆಗೆ 1627ರಲ್ಲಿ ರೋಮ್‌ನಲ್ಲಿ ತನ್ನ ಮನೆತನದ ಸಮಾಧಿಯ ಜಾಗದಲ್ಲಿ ಅವಳನ್ನು ಮಣ್ಣು ಮಾಡಿದ. ಅಂತ್ಯಕ್ರಿಯೆಯ ಭಾಷಣವನ್ನು ತಾನೇ ಮಾಡಲು ನಿಂತವನಿಗೆ ಅಳು ತಡೆಯಲಾಗಲಿಲ್ಲ.

ಅಂದರೆ ಇಕ್ಕೇರಿಗೆ ಬಂದಾಗ ಅವನು ಹೆಂಡತಿ ಸತ್ತು ಎರಡು ವರ್ಷವೂ ತುಂಬದ, ಅವಳನ್ನು ಬಿಟ್ಟುಕೊಡಲಾರದ ಗಂಡ. ಮುಂದೆ ಅವನು ಕಂಡದ್ದನ್ನು ಓದುವಾಗ ಇದು ನೆನಪಿರಲಿ.

ಇಕ್ಕೇರಿಯ ಬೀದಿಯಲ್ಲಿ

ನವೆಂಬರ್ 12ರ ರಾತ್ರಿ ಬಿಡಾರಕ್ಕೆ ಮರಳುವಾಗ ಬೀದಿಯಲ್ಲಿ ಕುದುರೆಯ ಮೇಲೆ ಒಬ್ಬ ಹೆಂಗಸು ಎದುರಾದಳು. ಮುಖಕ್ಕೆ ಸೆರಗಿಲ್ಲ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಳ್ಳುತ್ತ ಏನೋ ಹಾಡಿಕೊಂಡು ಹೋಗುತ್ತಿದ್ದಳು. ಗಂಡ ಸತ್ತಿದ್ದಾನೆ, ಬೆಂಕಿಗೆ ಬೀಳಲು ಹೊರಟಿದ್ದಾಳೆ ಅಂತ ಜನ ಹೇಳಿದರು. ಕನ್ನಡಿ, ನಿಂಬೆಹಣ್ಣು ಯಾಕೆಂದು ಅವನಿಗೆ ತಿಳಿಯಲಿಲ್ಲ.

ನಾಲ್ಕು ದಿನದ ಮೇಲೆ ಅವನು ಅವಳ ಮನೆಯನ್ನೇ ಹುಡುಕಿಕೊಂಡು ಹೋದ. ಅಂಗಳದಲ್ಲಿ ಬಿಳಿ ಸೀರೆ ಉಟ್ಟು, ಒಡವೆ ತೊಟ್ಟು, ಹೂ ಮುಡಿದು ಮದುವಣಗಿತ್ತಿಯಂತೆ ಕೂತಿದ್ದಳು. ಕೈಯಲ್ಲಿ ನಿಂಬೆಹಣ್ಣು. ಸುತ್ತ ತಮಟೆ ಸದ್ದು. ದುಭಾಷಿಯ ಮೂಲಕ ಮಾತಾಡಿಸಿದ. ಅವಳು ತೆಲುಗು ಮೂಲದವಳು, ಗಂಡ ವಾದ್ಯ ಬಾರಿಸುವವನು. ಇನ್ನಿಬ್ಬರು ಹೆಂಡಿರಿದ್ದರು, ಅವರು ಸಾಯಲು ಒಪ್ಪಿರಲಿಲ್ಲ. ಇವಳಿಗೆ ಚಿಕ್ಕ ಮಕ್ಕಳಿದ್ದರು. ಮಕ್ಕಳನ್ನು ಬಿಟ್ಟು ಹೋಗುವುದು ಸರಿಯಾ ಅಂತ ಕೇಳಿದ. ಬೇಡ ಅಂತ ಬುದ್ಧಿ ಹೇಳಿದ. ಅವಳು ನಿಶ್ಚಯ ಬದಲಿಸಲಿಲ್ಲ. ಕೊನೆಗೆ ಅವಳ ಹೆಸರು ಕೇಳಿಕೊಂಡ. ನಿನ್ನ ಸಾವನ್ನು ತಡೆಯಲಾರೆ, ನನ್ನ ಬರಹದಲ್ಲಿ ನಿನ್ನ ಹೆಸರು ಉಳಿಯುವಂತೆ ಮಾಡುತ್ತೇನೆ ಎಂಬರ್ಥದ ಮಾತು ಹೇಳಿ ಎದ್ದುಬಂದ. ಇಟಾಲಿಯನ್ ಕಾಗುಣಿತದಲ್ಲಿ ಅವನು ಬರೆದದ್ದನ್ನು ಕನ್ನಡದ ಕಿವಿಯಲ್ಲಿ ಓದಿದರೆ ಆ ಹೆಸರು ಜಕ್ಕಮ್ಮ.

ಅವನ ಪ್ರವಾಸದ ಪತ್ರಗಳು ಪುಸ್ತಕವಾದವು, ಬೇರೆ ಭಾಷೆಗಳಿಗೆ ಹೋದವು. ನಾಲ್ಕು ನೂರು ವರ್ಷದ ಮೇಲೆ, ಒಂದು ಫೋನಿನ ಪರದೆಯ ಮೇಲೆ, ನೀವು ಈಗ ಆ ಹೆಸರು ಓದಿದಿರಿ. ಸಕ್ಕಾರಾದ ಗಂಡಸಿಗೆ ಮುಖ ಇದೆ, ಹೆಸರಿಲ್ಲ. ಇಕ್ಕೇರಿಯ ಜಕ್ಕಮ್ಮನಿಗೆ ಹೆಸರಿದೆ, ಮುಖ ಇಲ್ಲ.

ನಮ್ಮ ಹೊಲದ ಮಾಸ್ತಮ್ಮ

ಅವನಿಗೆ ಅರ್ಥವಾಗದ ಆ ಕನ್ನಡಿ, ನಿಂಬೆಹಣ್ಣು ನಮಗೆ ಗೊತ್ತು. ಮಾಸ್ತಿಕಲ್ಲು ನೋಡಿದವರಿಗೆಲ್ಲ ಗೊತ್ತು. ಕಲ್ಲಿನಲ್ಲಿ ಒಂದು ಕಂಬ, ಅದರಿಂದ ಮೊಣಕೈ ಮಡಿಸಿ ಮೇಲೆತ್ತಿದ ತೋಳು, ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಕೆಲವದರಲ್ಲಿ ಕೈಗೆ ಕನ್ನಡಿಯೂ ಇರುತ್ತದೆ. ಹಲವು ಕಲ್ಲುಗಳಲ್ಲಿ ಹೆಣ್ಣಿನ ಮುಖವೇ ಇಲ್ಲ, ತೋಳು ಮಾತ್ರ. ಬಳೆ ತೊಟ್ಟ ಆ ತೋಳೇ ಅವಳ ಗುರುತು. ಈಜಿಪ್ಟಿನ ಅಚ್ಚಿನ ಮುಖವಾಡದಂತೆ ಇದೂ ಒಂದು ಅಚ್ಚು. ಯಾವ ಹೆಣ್ಣಾದರೂ ಅದೇ ತೋಳು, ಅದೇ ಬಳೆ.

ಚಿಕ್ಕವರಿದ್ದಾಗ ಇಂಥದೊಂದು ಕಲ್ಲಿಗೆ ಅಜ್ಜಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು. "ಯಾರವ್ವ ಇದು?" ಅಂತ ಕೇಳಿದ್ದೆ.

"ಮಾಸ್ತಮ್ಮ ಕಣ್ ಮಗ."

"ಅವಳ ಹೆಸ್ರು?"

"ಅದೇ ಹೆಸ್ರು ಕಣಾ. ಇನ್ನೇನಿದ್ದಾತು?"

ಮಾಸ್ತಿ ಅಂದರೆ ಮಹಾಸತಿ. ಅದು ಹೆಸರಲ್ಲ, ಸತ್ತ ಬಗೆ. ಆ ಹೆಣ್ಣು ಯಾರ ಮಗಳು, ಅವಳನ್ನು ಯಾರಾದರೂ ತಡೆದರಾ, ಅವಳ ಮನಸ್ಸಿನಲ್ಲಿ ಏನಿತ್ತು, ಎಲ್ಲವನ್ನೂ ಆ ಒಂದು ಪದ ನುಂಗಿಬಿಟ್ಟಿದೆ. ದೇವರು ಮಾಡಿ ಪೂಜಿಸಿದೆವು, ಹೆಸರು ಮರೆತೆವು.

ಹಾಗೆ ಮರೆಯದ ಒಂದು ಕಲ್ಲು ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಇದೆ. ಬೆಳತೂರಿನ ಶಾಸನ, 1057ರದು. ಚೋಳರ ಆಳ್ವಿಕೆಯ ಕಾಲ. ಏಚ ಎಂಬವನು ಕಾಳಗದಲ್ಲಿ ದಾಯಾದಿಯೊಬ್ಬನನ್ನು ಕೊಂದ. ಅರಸನ ಆಜ್ಞೆಯಂತೆ ತಲಕಾಡಿನಲ್ಲಿ ಅವನನ್ನು ಕೊಲ್ಲಿಸಲಾಯಿತು. ಸುದ್ದಿ ಕೇಳಿ ಹೆಂಡತಿ ದೇಕಬ್ಬೆ ಬೆಂಕಿಗೆ ಬೀಳಲು ನಿಂತಳು. ಹೆತ್ತವರೂ ನೆಂಟರೂ ಬೇಡ ಅಂತ ಕಾಡಿ ಬೇಡಿದರೂ ಕೇಳಲಿಲ್ಲ ಅನ್ನುತ್ತದೆ ಶಾಸನ. ಅವಳ ತಂದೆಯ ಹೆಸರು ರವಿಗ. ಅದೂ ಕಲ್ಲಿನಲ್ಲಿದೆ. ಹಳಗನ್ನಡ ಪದ್ಯದಲ್ಲಿ ಬರೆದ ಈ ಶಾಸನ ಕನ್ನಡ ಓದುವವರಿಗೆ ಚೆನ್ನಾಗಿ ಪರಿಚಿತ.

ಕಲ್ಲು ದೇಕಬ್ಬೆಯನ್ನು ಹೊಗಳುತ್ತದೆ. ನಾವು ಹೊಗಳಬೇಕಾಗಿಲ್ಲ. ಸತಿಯನ್ನು ವೈಭವೀಕರಿಸುವುದೇ ಅಪರಾಧ ಅಂತ 1987ರಿಂದ ಕಾನೂನಿದೆ, ಇರಬೇಕಾದ್ದೇ. ನನಗೆ ಆ ಕಲ್ಲು ದೊಡ್ಡದಾಗಿ ಕಾಣೋದು ಬೇರೆ ಕಾರಣಕ್ಕೆ. ಮಗಳನ್ನು ತಡೆಯಲು ನಿಂತ ಅಪ್ಪ ಅಮ್ಮ ಅದರಲ್ಲಿದ್ದಾರೆ. ಹೆಸರು, ಊರು, ನೆಂಟಸ್ತಿಕೆ ಉಳಿದಿರುವುದರಿಂದ ಅದು ಒಂದು ಮನೆಯ ದುಃಖ ಅಂತ ಸಾವಿರ ವರ್ಷದ ಮೇಲೂ ಗೊತ್ತಾಗುತ್ತದೆ. ಹೆಸರಿಲ್ಲದ ತೋಳು ಎಷ್ಟೇ ಚಂದವಾಗಿದ್ದರೂ ಅಷ್ಟು ಹೇಳಲಾರದು.

ಇವತ್ತು ಮಾಡಬಹುದಾದ್ದು

ಇದು ಹಳೇ ಕಾಲದ ಮಾತು ಅಂತ ಅನ್ನಿಸಿದರೆ ನಿಮ್ಮ ಮನೆಯ ಗೋಡೆ ನೋಡಿ. ನಮ್ಮ ಕಡೆ ಮಾರ್ನಮಿಗೆ ಹಿರಿಯರಿಗೆ ಎಡೆ ಇಡುವಾಗ ಫೋಟೊಗಳನ್ನು ಒರೆಸಿ ಸಾಲಾಗಿ ಇಡುತ್ತಾರೆ. ಹಿಂದಿನ ಸಾಲಿನಲ್ಲಿ ಒಂದಾದರೂ ಮಾಸಿದ ಕಪ್ಪು ಬಿಳುಪು ಫೋಟೊ ಇರುತ್ತದೆ, "ತಾತನ ಕಡೆಯವರು ಯಾರೋ" ಅನ್ನೋ ಹೆಸರಿನದು. ಆ "ಯಾರೋ" ಇದ್ದಾಗ ಅವರ ಹೆಸರು ಮನೆಯವರಿಗೆಲ್ಲ ಗೊತ್ತಿತ್ತು. ಅದಕ್ಕೇ ಯಾರೂ ಬರೆದಿಡಲಿಲ್ಲ. ಫಯ್ಯೂಮ್‌ನಲ್ಲೂ ಬಹುಶಃ ಹೀಗೇ ಆಗಿರಬೇಕು. ಮುಖ ನೋಡಿದರೆ ಸಾಕು, ಗುರುತು ಹಿಡಿಯುವವರು ಮನೆಯಲ್ಲೇ ಇದ್ದರು.

ನಮ್ಮ ಫೋನಿನಲ್ಲಂತೂ ಸಾವಿರಾರು ಮುಖಗಳಿವೆ, ಫೈಲಿನ ಹೆಸರು ಮಾತ್ರ ಒಂದಿಷ್ಟು ಅಂಕಿ. ಅದಕ್ಕೆ ನಾನು ಶುರು ಮಾಡಿರುವ ಒಂದಿಷ್ಟು ಕೆಲಸ ನಿಮಗೂ ಹೇಳುತ್ತೇನೆ.

ಊರಿಗೆ ಹೋದಾಗ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಹಳೇ ಫೋಟೊಗಳನ್ನು ಒಂದೊಂದಾಗಿ ತೋರಿಸಿ. ಯಾರು, ಯಾವೂರಿನವರು, ಯಾರ ಮಗ ಅಥವಾ ಮಗಳು, ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೆಂಗಸರ ಹೆಸರನ್ನು ವಿಶೇಷವಾಗಿ ಕೇಳಿ. "ದೊಡ್ಡಪ್ಪನ ಹೆಂಡ್ತಿ" ಅನ್ನೋದಕ್ಕೆ ಸುಮ್ಮನಾಗಬೇಡಿ, ಅವರ ತವರಿನ ಊರನ್ನೂ ಕೇಳಿ. ಫೋಟೊದ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖದ ಮೇಲೆ ಗೀರು ಮೂಡುತ್ತದೆ.

ಊರಿನ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೊವನ್ನು ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆಯಿರಿ. ಆಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಅಕ್ಷರ ಕಂಡರೆ ಎಣ್ಣೆ, ಪೇಂಟು, ಸುಣ್ಣ ಬಳಿಯಬೇಡಿ ಅಂತ ಊರಿನವರಿಗೆ ಹೇಳಿ. ಚರಂಡಿಗೆ, ಮೋರಿಗೆ ಚಪ್ಪಡಿಯಾಗಿ ಹಾಕಿದ್ದರೆ ಪಂಚಾಯ್ತಿ ಗಮನಕ್ಕೆ ತನ್ನಿ. ನಿಮ್ಮೂರಿನ ಶಾಸನವನ್ನು ಆಗಲೇ ಯಾರಾದರೂ ಓದಿದ್ದಾರಾ ಅನ್ನೋದನ್ನು ತಾಲ್ಲೂಕುವಾರು ಇರುವ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ನೋಡಬಹುದು. ಹೊಸದಾಗಿ ಸಿಕ್ಕಿದ್ದನ್ನು ತಿಳಿಸಲು ರಾಜ್ಯ ಪುರಾತತ್ವ ಇಲಾಖೆಯ ಕಚೇರಿಯೂ ಕೇಂದ್ರದ ಶಾಸನ ವಿಭಾಗವೂ ಮೈಸೂರಿನಲ್ಲೇ ಇವೆ. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಅದೇನು ದೂರವಲ್ಲ.

ಮುಂದಿನ ವಾರ ಊರಿಗೆ ಹೋಗುವವನಿದ್ದೇನೆ. ಅಜ್ಜಿ ಅರಿಶಿನ ಹಚ್ಚುತ್ತಿದ್ದ ಕಲ್ಲಿನ ಬುಡ ಮಣ್ಣಿನಲ್ಲಿ ಹೂತಿದೆ. ಅಕ್ಷರ ಇದ್ದರೆ ಅಲ್ಲೇ ಇರಬೇಕು. ಅಗೆದು ನೋಡುವುದು ಇಲಾಖೆಯವರ ಕೆಲಸ, ಬರೆದು ಕೇಳುವುದು ನನ್ನದು. ಪತ್ರ ಬರೆದಿಟ್ಟುಕೊಂಡಿದ್ದೇನೆ. ನಿಮ್ಮೂರಿನ ಕಲ್ಲಿನಲ್ಲಿ ಯಾರದಾದರೂ ಹೆಸರು ಓದಲು ಸಿಕ್ಕರೆ ಓದುಗರ ಅಂಕಣಕ್ಕೆ ಬರೆದು ಕಳಿಸಿ.